ಹಬ್ಬದ ರಜೆಗೆ ಕಾರಿನಲ್ಲಿ ಊರಿಗೆ ಹೊರಡುವವರಿಗೆ ರಸ್ತೆ ಸುರಕ್ಷತೆಯ ಮಾರ್ಗದರ್ಶಿ

ದಸರಾ, ದೀಪಾವಳಿ, ಕ್ರಿಸ್‌ಮಸ್ ಮತ್ತು ಸಂಕ್ರಾಂತಿಯ ರಜೆ ಬಂತೆಂದರೆ ಬೆಂಗಳೂರಿನಿಂದ ಹೊರಬೀಳುವ ತುಮಕೂರು ರಸ್ತೆ, ಮೈಸೂರು ರಸ್ತೆ, ಹೊಸೂರು ರಸ್ತೆ, ಬಳ್ಳಾರಿ ರಸ್ತೆಗಳೆಲ್ಲ ಒಂದೇ ಸಂಜೆ ತುಂಬಿ ನಿಲ್ಲುತ್ತವೆ. ಅಂದು ಹೆದ್ದಾರಿಗೆ ಇಳಿಯುವವರಲ್ಲಿ ಬಹುಪಾಲು ಜನ ವಾರವಿಡೀ ದುಡಿದು ದಣಿದವರು, ದಿನನಿತ್ಯ ನಗರದ ದಟ್ಟಣೆಯಲ್ಲಿ ನಿಧಾನವಾಗಿ ಓಡಾಡಿ ಅಭ್ಯಾಸವಾದವರು, ವರ್ಷಕ್ಕೆ ಕೆಲವೇ ಬಾರಿ ನೂರಾರು ಕಿಲೋಮೀಟರು ಕಾರು ಓಡಿಸುವವರು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು, ಮತ್ತು ಈ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವು ಅತಿವೇಗದಿಂದ ಆದವೆಂದು ದಾಖಲಾಗಿವೆ. ಅತಿವೇಗಕ್ಕೆ ಚಾಲಕನ ಸ್ವಭಾವವನ್ನು ದೂರುವುದು ಸುಲಭ. ಆದರೆ ಹಬ್ಬದ ಪ್ರಯಾಣದಲ್ಲಿ ವೇಗ ಏರುವುದು ಹೆಚ್ಚಾಗಿ ಮನೆಯಿಂದ ತಡವಾಗಿ ಹೊರಟದ್ದರಿಂದ ಮತ್ತು ಇಂತಿಷ್ಟು ಹೊತ್ತಿಗೆ ಊರು ಸೇರಲೇಬೇಕೆಂಬ ಒತ್ತಡದಿಂದ. ಆದ್ದರಿಂದ ಈ ಮಾರ್ಗದರ್ಶಿ ಕಾರಿನಿಂದ ಶುರುವಾಗದೆ ಗಡಿಯಾರದಿಂದ ಶುರುವಾಗುತ್ತದೆ.

ಮೊದಲು ಹೊರಡುವ ಹೊತ್ತನ್ನು ಗೊತ್ತುಮಾಡಿ

ಕಚೇರಿ ಮುಗಿಸಿ, ಊಟ ಮಾಡಿ, ರಾತ್ರಿ ಹತ್ತಕ್ಕೆ ಹೊರಟರೆ ದಾರಿ ಖಾಲಿಯಿರುತ್ತದೆ, ಮಕ್ಕಳು ನಿದ್ದೆ ಮಾಡಿಕೊಂಡೇ ಬರುತ್ತಾರೆ, ಬೆಳಗಾಗುವಷ್ಟರಲ್ಲಿ ಊರು ಸೇರಬಹುದು ಎಂಬ ಲೆಕ್ಕಾಚಾರ ಅನೇಕ ಮನೆಗಳಲ್ಲಿದೆ. ಈ ಲೆಕ್ಕಾಚಾರವನ್ನು ದಯವಿಟ್ಟು ಕೈಬಿಡಿ. ಇಲ್ಲಿ ಹೇಳಿರುವ ಮಾತುಗಳಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿ ಹನ್ನೊಂದರ ಹೊತ್ತಿಗೆ ಹದಿನೇಳು ಗಂಟೆ ಎಚ್ಚರವಾಗಿದ್ದಂತಾಯಿತು. ಅಷ್ಟು ಹೊತ್ತು ನಿದ್ದೆಯಿಲ್ಲದವರ ಗಮನ ಮತ್ತು ಕೈಕಾಲುಗಳ ಚುರುಕು, 100 ಮಿಲಿಲೀಟರು ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವರ ಮಟ್ಟಕ್ಕೆ ಕುಸಿಯುತ್ತದೆ ಎಂದು ನಿದ್ರೆಯ ಅಧ್ಯಯನಗಳು ತೋರಿಸಿವೆ. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಅಂದರೆ ಒಂದು ಹನಿ ಮದ್ಯವನ್ನೂ ಮುಟ್ಟದ ಮನುಷ್ಯ, ಬರೀ ದಣಿವಿನಿಂದಲೇ, ಕಾನೂನು ಕುಡುಕನೆಂದು ಕರೆಯುವವನಿಗಿಂತ ಕೆಟ್ಟ ಸ್ಥಿತಿಯಲ್ಲಿ ತನ್ನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟಿರುತ್ತಾನೆ.

ರಾತ್ರಿ ಎರಡರಿಂದ ಬೆಳಗಿನ ಐದರ ನಡುವೆ ದೇಹ ನಿದ್ದೆಯನ್ನು ಬಲವಂತವಾಗಿ ಕೇಳುತ್ತದೆ; ಮಧ್ಯಾಹ್ನದ ಊಟದ ನಂತರ ಎರಡರಿಂದ ನಾಲ್ಕರವರೆಗೂ ಸ್ವಲ್ಪ ಮಟ್ಟಿಗೆ ಹಾಗೆಯೇ. ಕಣ್ಣು ತೆರೆದಂತೆಯೇ ಇದ್ದು ಮಿದುಳು ಎರಡು ಮೂರು ಸೆಕೆಂಡು ಮಂಕಾಗುವುದೂ ಈ ಹೊತ್ತಿನಲ್ಲಿ ಸಾಮಾನ್ಯ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡಿಗೆ ಕಾರು 75 ಮೀಟರು ಸಾಗಿರುತ್ತದೆ. ಹಾಡು ಹಾಕುವುದು, ಕಿಟಕಿ ಇಳಿಸುವುದು, ಮುಖಕ್ಕೆ ನೀರು ಎರಚಿಕೊಳ್ಳುವುದು ಇವು ಕೆಲವು ನಿಮಿಷಗಳ ಸಮಾಧಾನವೇ ಹೊರತು ನಿದ್ದೆಗೆ ಬದಲಿಯಲ್ಲ. ತೂಕಡಿಕೆ ಬಂತೆಂದರೆ ಬೆಳಕಿರುವ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಅಂಗಳದಲ್ಲೋ ಕಾರು ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು, ತಕ್ಷಣ ಇಪ್ಪತ್ತು ನಿಮಿಷ ಮಲಗಿ. ಕಾಫಿಯ ಪರಿಣಾಮ ಶುರುವಾಗಲು ಸುಮಾರು ಅಷ್ಟೇ ಹೊತ್ತು ಬೇಕಾಗುವುದರಿಂದ ಏಳುವಾಗ ಎರಡರ ಪ್ರಯೋಜನವೂ ಸಿಗುತ್ತದೆ. ಇದು ಒಂದು ಬಾರಿಗೆ ನಡೆಯುವ ಉಪಾಯ. ಇದನ್ನೇ ನೆಚ್ಚಿಕೊಂಡು ಇಡೀ ರಾತ್ರಿ ಓಡಿಸಬಾರದು.

ಹಾಗಾದರೆ ಯಾವಾಗ ಹೊರಡಬೇಕು? ರಾತ್ರಿ ಒಂಬತ್ತೂವರೆಯೊಳಗೆ ಮಲಗಿ, ಏಳು ಗಂಟೆ ನಿದ್ದೆ ಮಾಡಿ, ಬೆಳಿಗ್ಗೆ ಐದರ ಸುಮಾರಿಗೆ ಹೊರಡುವುದು ನನ್ನ ಸಲಹೆ. ಗೊರಗುಂಟೆಪಾಳ್ಯ ಮತ್ತು ನೆಲಮಂಗಲವನ್ನು ದಟ್ಟಣೆಗೆ ಮುನ್ನ ದಾಟಬಹುದು, ಕತ್ತಲಲ್ಲಿ ಓಡಿಸುವುದು ಒಂದು ಗಂಟೆಯಷ್ಟೇ ಆಗುತ್ತದೆ. ಬೆಂಗಳೂರಿನಿಂದ ಸುಮಾರು 350 ಕಿ.ಮೀ. ದೂರದ ಮಂಗಳೂರಿಗೆ ಹೋಗುವವರು ಶಿರಾಡಿ ಘಟ್ಟವನ್ನು ಹಗಲು ಬೆಳಕಿನಲ್ಲಿ ಇಳಿಯುತ್ತಾರೆ. ಸುಮಾರು 400 ಕಿ.ಮೀ. ದೂರದ ಹುಬ್ಬಳ್ಳಿಯವರು ನಡುವೆ ತಿಂಡಿ, ಊಟಕ್ಕೆ ನಿಂತರೂ ಇಳಿಹೊತ್ತಿಗೆ ಮುಂಚೆ ಮನೆಯಲ್ಲಿರುತ್ತಾರೆ. ಇನ್ನೂ ಮುಂದೆ ಬೆಳಗಾವಿ, ವಿಜಯಪುರ, ಕಾರವಾರಗಳಿಗೆ ಒಬ್ಬರೇ ಓಡಿಸುವುದಾದರೆ ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಒಂದು ರಾತ್ರಿ ತಂಗುವ ಖರ್ಚನ್ನು ಪ್ರಯಾಣದ ಖರ್ಚೆಂದೇ ಎಣಿಸಿಕೊಳ್ಳಿ. ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ಕಾರಿನಿಂದ ಇಳಿದು ಓಡಾಡಿ.

ಊರಿನಲ್ಲಿ ಕಾಯುತ್ತಿರುವ ಹಿರಿಯರಿಗೂ ಈ ಸಮಯವನ್ನು ಮೊದಲೇ ತಿಳಿಸಬೇಕು. ಅಮ್ಮ ಊಟಕ್ಕೆ ಕಾಯುತ್ತಿದ್ದಾರೆ, ಪೂಜೆ ಹನ್ನೊಂದಕ್ಕೆ ಶುರು ಎಂಬ ಮಾತು ಚಾಲಕನ ಕಾಲನ್ನು ಆಕ್ಸಿಲರೇಟರಿನ ಮೇಲೆ ಒತ್ತುತ್ತದೆ. ಪೂಜೆ ಬೆಳಿಗ್ಗೆ ಇದ್ದರೆ ಹಿಂದಿನ ದಿನವೇ ತಲುಪುವಂತೆ ಹೊರಡಿ. ‘ಎಲ್ಲಿದ್ದೀರಿ’ ಎಂದು ಅರ್ಧ ಗಂಟೆಗೊಮ್ಮೆ ಬರುವ ಕರೆಗಳಿಗೆ ಪಕ್ಕದಲ್ಲಿ ಕುಳಿತವರು ಉತ್ತರಿಸಲಿ. ಚಾಲಕರ ಫೋನು ಅವರ ಕೈಯಲ್ಲೇ ಇರಲಿ.

ಬಾಡಿಗೆ ಕಾರು ಮಾಡಿಕೊಂಡು ಹೋಗುವವರಿಗೆ ಇನ್ನೊಂದು ಹೊಣೆಯಿದೆ. ಹಬ್ಬದ ವಾರದಲ್ಲಿ ಚಾಲಕರು ಒಂದು ಬಾಡಿಗೆ ಮುಗಿಸಿ ನೇರವಾಗಿ ಇನ್ನೊಂದಕ್ಕೆ ಬರುತ್ತಾರೆ. ಹತ್ತುವ ಮೊದಲು ‘ನಿನ್ನೆ ರಾತ್ರಿ ಮಲಗಿದ್ದಿರಾ ಅಣ್ಣ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಇಲ್ಲವೆಂದರೆ ಹೊರಡುವುದನ್ನು ಮುಂದೂಡಿ. ಊರು ತಲುಪಿದ ಮೇಲೆ ನಮಗೆ ಹಾಸಿಗೆ, ಚಾಲಕರಿಗೆ ಕಾರಿನ ಸೀಟು ಎಂಬ ಏರ್ಪಾಡು ಅನ್ಯಾಯದ್ದಷ್ಟೇ ಅಲ್ಲ, ಮರುದಿನ ಅವರ ಕೈಗೆ ನಮ್ಮ ಜೀವ ಒಪ್ಪಿಸುವುದರಿಂದ ಅಪಾಯದ್ದೂ ಹೌದು. ಅವರಿಗೊಂದು ಚಾಪೆ, ಫ್ಯಾನು, ಹೊತ್ತಿಗೆ ಸರಿಯಾಗಿ ಊಟ ಸಿಗುವಂತೆ ನೋಡಿಕೊಳ್ಳಿ.

ಎರಡು ದಿನ ಮುಂಚೆ ವಾಹನವನ್ನು ನೋಡಿಕೊಳ್ಳಿ

ತಪಾಸಣೆಯನ್ನು ಹೊರಡುವ ಬೆಳಿಗ್ಗೆಗೆ ಬಿಟ್ಟರೆ ದೋಷ ಕಂಡರೂ ಸರಿಪಡಿಸಲು ಸಮಯವಿರುವುದಿಲ್ಲ. ಟೈರುಗಳಿಂದ ಆರಂಭಿಸಿ. ಟೈರಿನ ಗೀರುಗಳ ಆಳ ಕನಿಷ್ಠ 1.6 ಮಿಲಿಮೀಟರು ಇರಬೇಕು. ಗೀರುಗಳ ನಡುವೆ ಇರುವ ಸಣ್ಣ ಉಬ್ಬುಗಳ ಮಟ್ಟಕ್ಕೆ ಟೈರು ಸವೆದಿದ್ದರೆ ಬದಲಿಸಲೇಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಕಡಿಮೆ ಓಡಿದ ಕಾರಿನಲ್ಲಿ ಗೀರು ಚೆನ್ನಾಗಿದ್ದರೂ ರಬ್ಬರು ಹಳತಾಗಿ ಬಿರುಕು ಬಿಟ್ಟಿರಬಹುದು. ಗಾಳಿಯನ್ನು ಟೈರು ತಣ್ಣಗಿರುವಾಗಲೇ ನೋಡಿಸಿ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿರುವ ಚೀಟಿಯಲ್ಲಿ ಒಬ್ಬಿಬ್ಬರಿದ್ದಾಗ ಎಷ್ಟು, ತುಂಬಿದ ಕಾರಿಗೆ ಎಷ್ಟು ಎಂದು ಬೇರೆಬೇರೆಯಾಗಿ ನಮೂದಾಗಿರುತ್ತದೆ; ಹಬ್ಬಕ್ಕೆ ಹೊರಟವರು ನೋಡಬೇಕಾದದ್ದು ಎರಡನೆಯ ಸಂಖ್ಯೆಯನ್ನು. ಗಾಳಿ ಕಡಿಮೆಯಿದ್ದ ಟೈರು ಹೆದ್ದಾರಿಯ ವೇಗದಲ್ಲಿ ಹೆಚ್ಚು ಮಡಿಸಿ ಬಿಸಿಯಾಗುತ್ತದೆ, ಸಿಡಿಯುವುದು ಹೆಚ್ಚಾಗಿ ಇಂಥ ಟೈರೇ. ಸ್ಟೆಪ್ನಿಗೂ ಗಾಳಿ ಹಾಕಿಸಿ, ಜಾಕ್ ಮತ್ತು ಪಾನಾ ಇದ್ದ ಜಾಗದಲ್ಲೇ ಇವೆಯೇ ನೋಡಿ. ಬ್ರೇಕ್, ವೈಪರ್, ಎಲ್ಲ ದೀಪಗಳು, ಎಚ್ಚರಿಕೆಯ ಕೆಂಪು ತ್ರಿಕೋನ, ವಿಮೆ ಇವನ್ನೂ ಅಂದೇ ಪರಿಶೀಲಿಸಿ.

ಆಯುಧಪೂಜೆಯ ಸಿಂಗಾರದಲ್ಲೇ ಹೆದ್ದಾರಿಗೆ ಇಳಿಯುವ ವಾಹನಗಳ ಬಗ್ಗೆ ಒಂದು ಮಾತು. ಮುಂದೆ ಕಟ್ಟಿದ ಬಾಳೆಕಂದು ಹೆಡ್‌ಲೈಟನ್ನೂ ಇಂಡಿಕೇಟರನ್ನೂ ಮುಚ್ಚುತ್ತದೆ, ಗಾಜಿನ ಮೇಲಿನ ಚೆಂಡುಹೂವಿನ ಹಾರ ಎಡಬದಿಯಿಂದ ಬರುವ ಬೈಕನ್ನು ಮರೆಮಾಡುತ್ತದೆ. ಪೂಜೆ ಮುಗಿದ ಮೇಲೆ ಊರೊಳಗೆ ಒಂದು ಸುತ್ತು ಹೋಗಿಬಂದು ಅವನ್ನು ಬಿಚ್ಚಿಡಿ. ದೃಷ್ಟಿ ತೆಗೆದು ಒಡೆದ ಬೂದುಗುಂಬಳದ ಹೋಳುಗಳನ್ನು ನಡುರಸ್ತೆಯಿಂದ ಪಕ್ಕಕ್ಕೆ ಎಳೆದುಹಾಕಿ. ಅದರ ತಿರುಳಿನ ಮೇಲೆ ಜಾರಿ ಬೀಳುವವರು ಹಿಂದೆ ಬರುವ ಬೈಕಿನವರು. ದೀಪಾವಳಿಗೆ ಅತ್ತಿಬೆಲೆ, ಹೊಸೂರಿನ ಕಡೆ ಅಗ್ಗವೆಂದು ಕೊಂಡ ಪಟಾಕಿಯ ಪೆಟ್ಟಿಗೆಗಳನ್ನು ಡಿಕ್ಕಿಯಲ್ಲಿ ತುಂಬಿಕೊಂಡು ನೂರಾರು ಕಿಲೋಮೀಟರು ಸಾಗಿಸುವುದೂ ಬೇಡ; ಬೇಕಾದಷ್ಟನ್ನು ಊರಿನ ಪರವಾನಗಿಯುಳ್ಳ ಮಳಿಗೆಯಲ್ಲೇ ಕೊಳ್ಳಬಹುದು.

ಎಲ್ಲರೂ ಬೆಲ್ಟ್ ಹಾಕಿದ ಮೇಲೆ ಕೀಲಿ ತಿರುಗಿಸಿ

ಮುಂದೆ ಕುಳಿತವರು ಬೆಲ್ಟ್ ಹಾಕುವುದು ಈಗ ರೂಢಿಯಾಗಿದೆ, ಹಿಂದಿನ ಸೀಟಿನಲ್ಲಿ ಇನ್ನೂ ಆಗಿಲ್ಲ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ನಡೆದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಮತ್ತು ಅವರೊಂದಿಗೆ ಹಿಂದಿನ ಸೀಟಿನಲ್ಲಿದ್ದ ಇನ್ನೊಬ್ಬರು ತೀರಿಕೊಂಡರು. ಇಬ್ಬರೂ ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಮುಂದಿನ ಸೀಟಿನಲ್ಲಿದ್ದ ಇಬ್ಬರು ತೀವ್ರವಾಗಿ ಗಾಯಗೊಂಡರೂ ಬದುಕಿದರು. ಕಾರು ದುಬಾರಿಯದಾಗಿತ್ತು, ಗಾಳಿಚೀಲಗಳಿದ್ದವು. 60 ಕಿ.ಮೀ. ವೇಗದಲ್ಲಿ ಕಾರು ಗೋಡೆಗೆ ಬಡಿದರೆ ಒಳಗಿನ ದೇಹಕ್ಕೆ ಸುಮಾರು ನಾಲ್ಕನೆಯ ಮಹಡಿಯಿಂದ ಬಿದ್ದಷ್ಟು ಪೆಟ್ಟು, ಮತ್ತು ಹಿಂದೆ ಬೆಲ್ಟಿಲ್ಲದೆ ಕುಳಿತ ಅಜ್ಜಿ ಅದೇ ವೇಗದಲ್ಲಿ ಮುಂದೆ ಕುಳಿತ ಮಗನ ಬೆನ್ನಿಗೆ ಅಪ್ಪಳಿಸುತ್ತಾರೆ. ಹಿರಿಯರು ಕುತ್ತಿಗೆಗೆ ಒತ್ತುತ್ತದೆ ಎಂದು ನಿರಾಕರಿಸಿದರೆ ಬೆಲ್ಟಿನ ಎತ್ತರ ಸರಿಪಡಿಸಿ, ತೆಳುವಾದ ಬಟ್ಟೆ ಸುತ್ತಿ, ಪ್ರೀತಿಯಿಂದಲೇ ಒಪ್ಪಿಸಬೇಕು.

ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಕೂರಿಸಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಡಿಕ್ಕಿಯ ಕ್ಷಣದಲ್ಲಿ ಯಾವ ತಾಯಿಯ ತೋಳಿಗೂ ಹತ್ತು ಕಿಲೋ ತೂಕದ ಮಗುವನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ, ಜೊತೆಗೆ ಸಿಡಿದು ತೆರೆದುಕೊಳ್ಳುವ ಗಾಳಿಚೀಲವೇ ಮಗುವನ್ನು ಕೊಲ್ಲಬಲ್ಲದು. ಹದಿನಾಲ್ಕರೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯವೆಂದು 2019ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಚಿಕ್ಕ ಮಕ್ಕಳಿಗೆ ಹಿಂದಿನ ಸೀಟಿನಲ್ಲಿ ಬಿಗಿಯಾಗಿ ಕಟ್ಟಿದ ಮಕ್ಕಳ ಸೀಟೇ ಬೇಕು; ಕೊಳ್ಳಲಾಗದವರು ಬಂಧುಗಳಿಂದ ಎರವಲು ತಂದರೂ ಸರಿ. ಐವರು ಕೂರುವ ಕಾರಿನಲ್ಲಿ ಏಳು ಜನರನ್ನು ತುಂಬುವುದಾದರೆ ಇಬ್ಬರಿಗೆ ಬೆಲ್ಟೇ ಇರುವುದಿಲ್ಲ. ಆ ಇಬ್ಬರನ್ನು ಬಸ್ಸಿನಲ್ಲಿ ಅಥವಾ ರೈಲಿನಲ್ಲಿ ಕಳಿಸಿ. ಸಾಮಾನನ್ನು ಹಿಂದಿನ ಗಾಜು ಮುಚ್ಚದಂತೆ, ಭಾರವಾದದ್ದು ಕೆಳಗೆ ಬರುವಂತೆ ಜೋಡಿಸಿ.

ಹೆದ್ದಾರಿಯಲ್ಲಿ ವೇಗ ಮತ್ತು ಅಂತರ

100 ಕಿ.ಮೀ. ದೂರವನ್ನು ಗಂಟೆಗೆ ನೂರರ ವೇಗದಲ್ಲಿ ಸಾಗಿದರೆ ಅರವತ್ತು ನಿಮಿಷ, ಎಂಬತ್ತರಲ್ಲಿ ಸಾಗಿದರೆ ಎಪ್ಪತ್ತೈದು ನಿಮಿಷ. ಆ ಹದಿನೈದು ನಿಮಿಷಕ್ಕೆ ತೆರುವ ಬೆಲೆಯನ್ನು ಲೆಕ್ಕ ಹಾಕೋಣ. ಎದುರಿಗೆ ಅಡ್ಡಿ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ, ಒಣರಸ್ತೆಯಲ್ಲಿ ಎಂಬತ್ತರ ವೇಗದ ಕಾರು ಪೂರ್ತಿ ನಿಲ್ಲಲು ಸುಮಾರು 70 ಮೀಟರು ಬೇಕು, ನೂರರ ಕಾರಿಗೆ ನೂರರ ಹತ್ತಿರ. ಮಳೆಯಲ್ಲಿ ನೂರರ ಕಾರು 135 ಮೀಟರಿಗೂ ಮುಂದೆ ಹೋಗಿ ನಿಲ್ಲಬಹುದು. ಹೆದ್ದಾರಿಯಲ್ಲಿ ದೀಪವಿಲ್ಲದೆ ನಿಂತ ಲಾರಿ ರಾತ್ರಿ ಡಿಮ್ ಬೆಳಕಿನಲ್ಲಿ ಇದಕ್ಕಿಂತ ಬಹಳ ಹತ್ತಿರ ಬಂದ ಮೇಲಷ್ಟೇ ಕಾಣುತ್ತದೆ.

ಮುಂದಿನ ವಾಹನದಿಂದ ಮೂರು ಸೆಕೆಂಡಿನ ಅಂತರವಿರಲಿ. ಮುಂದಿನ ಕಾರು ಒಂದು ಕಂಬವನ್ನು ದಾಟಿದಾಗ ‘ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು’ ಎಂದು ಎಣಿಸಿ. ಎಣಿಸಿ ಮುಗಿಯುವ ಮೊದಲೇ ನೀವು ಆ ಕಂಬವನ್ನು ತಲುಪಿದರೆ ಹಿಂದೆ ಸರಿಯಬೇಕು. ಮಳೆಯಲ್ಲೂ ಮಂಜಿನಲ್ಲೂ ಈ ಅಂತರ ದುಪ್ಪಟ್ಟಾಗಲಿ. ನೀವು ಬಿಟ್ಟ ಜಾಗಕ್ಕೆ ಇನ್ನೊಬ್ಬರು ನುಗ್ಗುತ್ತಾರೆ, ನಿಜ. ನುಗ್ಗಲಿ, ಮತ್ತೆ ಅಂತರ ಬಿಡಿ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಬೈಕಿನಲ್ಲಿ ಹೊರಟವರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಕಾರುಗಳು ನೂರರ ಮಿತಿ ಮೀರಿದರೆ ಕ್ಯಾಮರಾಗಳು ದಾಖಲಿಸುತ್ತವೆ. ಉಳಿದ ಹೆದ್ದಾರಿಗಳಲ್ಲಿ ಊರು ಬಂದಾಗಲೆಲ್ಲ, ವಿಭಜಕದಲ್ಲಿ ತೆರವು ಇರುವಲ್ಲೆಲ್ಲ ಅಡ್ಡ ಬರುವವರನ್ನೂ ವಿರುದ್ಧ ದಿಕ್ಕಿನಲ್ಲಿ ಬರುವವರನ್ನೂ ನಿರೀಕ್ಷಿಸಿಯೇ ಓಡಿಸಬೇಕು. ದಸರೆಯ ನಂತರ ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಡೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹಿಂಬದಿ ದೀಪವಿಲ್ಲದೆ ಸಾಗುತ್ತಿರುತ್ತವೆ. ಸುಗ್ಗಿಯ ತಿಂಗಳುಗಳಲ್ಲಿ ಹಳ್ಳಿಯ ರಸ್ತೆಗಳ ಮೇಲೆ ರಾಗಿ, ಹುರುಳಿಯ ಒಕ್ಕಣೆ ನಡೆದಿರುತ್ತದೆ. ಹುರುಳಿಯ ಹೊಟ್ಟು ಕಾರಿನ ಅಡಿಯ ಬಿಸಿ ಭಾಗಗಳಿಗೆ ಸುತ್ತಿಕೊಂಡು ಬೆಂಕಿ ಹತ್ತಿದ್ದುಂಟು. ಸಾಧ್ಯವಾದರೆ ಸುತ್ತು ದಾರಿ ಹಿಡಿಯಿರಿ, ದಾಟಲೇಬೇಕಾದರೆ ಸ್ವಲ್ಪ ಮುಂದೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಶಿವರಾತ್ರಿಗೆ ಮುಂಚೆ ಧರ್ಮಸ್ಥಳದ ಪಾದಯಾತ್ರಿಗಳು ಚಾರ್ಮಾಡಿಯ ದಾರಿಯಲ್ಲಿ ರಾತ್ರಿಯೂ ನಡೆಯುತ್ತಾರೆ. ಅವರು ಕಂಡಲ್ಲಿ ವೇಗ ತಗ್ಗಿಸಿ, ಹೈಬೀಮ್ ಇಳಿಸಿ.

ಘಟ್ಟ ಮತ್ತು ಕಾಡು

ಘಟ್ಟ ಇಳಿಯುವಾಗ ಕಾರು ನ್ಯೂಟ್ರಲಿನಲ್ಲಿರಬಾರದು, ಎಂಜಿನ್ ಆರಿಸಲಂತೂ ಕೂಡದು. ಹತ್ತಲು ಯಾವ ಗೇರು ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ, ಸಾಮಾನ್ಯವಾಗಿ ಎರಡನೆಯದರಲ್ಲಿ, ಇಳಿದರೆ ಎಂಜಿನ್ನೇ ಕಾರನ್ನು ತಡೆದು ಹಿಡಿಯುತ್ತದೆ. ಮೇಲಿನ ಗೇರಿನಲ್ಲಿಟ್ಟು ಬ್ರೇಕನ್ನೇ ಒತ್ತಿಕೊಂಡು ಬಂದರೆ ಬ್ರೇಕು ಕಾದು, ಸುಟ್ಟ ವಾಸನೆ ಬಂದು, ಕೊನೆಯ ತಿರುವುಗಳಲ್ಲಿ ಹಿಡಿತವೇ ಇಲ್ಲವಾಗುತ್ತದೆ. ವಾಸನೆ ಬಂದ ಕೂಡಲೇ ಅಗಲವಾದ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಿ; ಚಕ್ರಕ್ಕೆ ನೀರು ಸುರಿಯಬೇಡಿ. ಆಟೋಮ್ಯಾಟಿಕ್ ಕಾರಿನಲ್ಲೂ ಕೆಳಗಿನ ಗೇರಿಗೆ ಇಳಿಸುವ ವ್ಯವಸ್ಥೆ ಇರುತ್ತದೆ, ಅದನ್ನು ಮನೆಯ ಬಳಿಯೇ ಕಲಿತುಕೊಂಡು ಹೊರಡಿ. ಇಬ್ಬರಿಗೆ ಜಾಗವಿಲ್ಲದ ಇಳಿಜಾರಿನಲ್ಲಿ ಹತ್ತಿ ಬರುವವರಿಗೆ ದಾರಿ ಬಿಡಬೇಕೆಂಬುದು ನಿಯಮ. ಆಗುಂಬೆಯಂಥ ಕಡಿದಾದ ತಿರುವುಗಳಲ್ಲಿ ಎದುರಿನಿಂದ ಬರುವ ಬಸ್ಸಿಗೆ ಪೂರ್ತಿ ರಸ್ತೆ ಬೇಕಾಗುತ್ತದೆ. ಹಾರನ್ ಮಾಡಿ, ತಿರುವಿಗೆ ಮುಂಚೆಯೇ ನಿಂತು, ಅದನ್ನು ಬರಗೊಡಿ. ಶಿರಾಡಿಯಲ್ಲಿ ಮಂಗಳೂರಿನ ಅನಿಲ ಟ್ಯಾಂಕರುಗಳು ಸಾಲಾಗಿರುತ್ತವೆ, ಅವನ್ನು ತಿರುವಿನಲ್ಲಿ ಹಿಂದಿಕ್ಕಬೇಡಿ. ದಸರೆಯ ಹೊತ್ತಿಗೆ ಹಿಂಗಾರು ಮಳೆ ಇರುವುದರಿಂದ ದೋಣಿಗಲ್, ಚಾರ್ಮಾಡಿಯ ಕಡೆ ಗುಡ್ಡ ಕುಸಿದು ದಾರಿ ಮುಚ್ಚಿದೆಯೇ ಎಂದು ಹೊರಡುವ ಮುನ್ನ ವಿಚಾರಿಸಿ.

ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರವಿಲ್ಲ. ಗೇಟು ಮುಚ್ಚುವ ಮೊದಲು ದಾಟಬೇಕೆಂದು ಎಂಟೂವರೆಗೆ ಕಾಡಿನೊಳಗೆ ಧಾವಿಸುವ ಕಾರುಗಳು ಜಿಂಕೆಗಳಿಗೂ ತಮಗೂ ಆಪತ್ತು ತರುತ್ತವೆ. ಏಳರೊಳಗೆ ಅಲ್ಲಿರಲಾಗದಿದ್ದರೆ ಗುಂಡ್ಲುಪೇಟೆಯಲ್ಲೇ ತಂಗಿ.

ಕಾರು ಕೆಟ್ಟು ನಿಂತರೆ, ಅಪಘಾತವಾದರೆ

ಟೈರು ಸಿಡಿದರೆ ಬ್ರೇಕನ್ನು ಗಟ್ಟಿಯಾಗಿ ಒತ್ತದೆ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ಇಳಿದ ಮೇಲೆ ಎಡಕ್ಕೆ ಬನ್ನಿ. ಹಜಾರ್ಡ್ ದೀಪ ಹಾಕಿ, ಎಲ್ಲರನ್ನೂ ಎಡಬಾಗಿಲಿನಿಂದ ಇಳಿಸಿ, ರಸ್ತೆಯಂಚಿನ ತಡೆಬೇಲಿಯ ಆಚೆ ನಿಲ್ಲಿಸಿ. ಕಾರಿನೊಳಗೇ ಕುಳಿತು ಕಾಯುವುದು ಸುರಕ್ಷಿತವೆನ್ನಿಸಿದರೂ ನಿಂತ ಕಾರಿಗೆ ಹಿಂದಿನಿಂದ ಬಂದು ಗುದ್ದುವ ಅಪಘಾತಗಳೇ ಬಹಳ ಜೀವ ತೆಗೆಯುವಂಥವು. ತ್ರಿಕೋನವನ್ನು ಕನಿಷ್ಠ ಐವತ್ತು ಮೀಟರು ಹಿಂದೆ ಇಡಿ, ವೇಗದ ಹೆದ್ದಾರಿಯಲ್ಲಿ ನೂರು. ಬಲಬದಿಯ ಚಕ್ರವನ್ನು ವಾಹನಗಳ ಕಡೆ ಬೆನ್ನು ಹಾಕಿ ಕುಳಿತು ಬದಲಿಸಲು ಹೋಗದೆ, ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೆ ಕರೆ ಮಾಡಿ.

ಬೇರೆಯವರ ಅಪಘಾತ ಕಂಡರೆ 112 ಅಥವಾ 108ಕ್ಕೆ ಕರೆ ಮಾಡಿ, ಕಿಲೋಮೀಟರು ಕಲ್ಲಿನ ಸಂಖ್ಯೆಯನ್ನೂ ಯಾವ ದಿಕ್ಕಿನ ರಸ್ತೆ ಎಂಬುದನ್ನೂ ತಿಳಿಸಿ. ಬೆಂಕಿಯ ಭಯವಿಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬೇಡಿ, ಬಾಯಿಗೆ ನೀರು ಹಾಕಬೇಡಿ, ರಕ್ತ ಸುರಿಯುವ ಜಾಗವನ್ನು ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿಯಿರಿ. ಪೊಲೀಸರ ಕಾಟವೆಂದು ಹಿಂಜರಿಯಬೇಕಾಗಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ, ಆಮೇಲೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನಲ್ಲಿ ಸೇರಿದ ರಕ್ಷಣೆಯಿಂದಾಗಿ ನೆರವಾದವರು ತಮ್ಮ ಹೆಸರು ಹೇಳಲೇಬೇಕೆಂದಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಹಣವಿಲ್ಲವೆಂದು ತಡಮಾಡುವವರಿಗೆ ಈ ವಿಷಯ ಹೇಳಿ.

ರಾತ್ರಿ ಬಸ್ಸಿನಲ್ಲಿ ಹೋಗುವವರಿಗೆ

2013ರ ಅಕ್ಟೋಬರ್ 30ರಂದು, ದೀಪಾವಳಿಗೆ ಕೆಲವೇ ದಿನಗಳಿದ್ದಾಗ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಸತ್ತರು. 2025ರ ದೀಪಾವಳಿ ಮುಗಿದ ಕೆಲವೇ ದಿನಗಳಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಹಾಗೆಯೇ ಉರಿಯಿತು. ಇಂಥ ಬಸ್ಸಿನಲ್ಲಿ ಬೆಂಕಿ ಹಬ್ಬಲು ಕೆಲವು ನಿಮಿಷ ಸಾಕು. ಬಸ್ಸು ಹತ್ತಿದ ಕೂಡಲೇ ತುರ್ತು ಬಾಗಿಲು ಎಲ್ಲಿದೆ, ಅದರ ಮುಂದೆ ಸಾಮಾನು ಪೇರಿಸಿದ್ದಾರೆಯೇ, ಗಾಜು ಒಡೆಯುವ ಸುತ್ತಿಗೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ನಿರ್ವಾಹಕರನ್ನು ಕೇಳಿ. ಚಪ್ಪಲಿ ಮತ್ತು ಫೋನು ಕೈಗೆಟಕುವಂತಿರಲಿ.

ಮರಳಿ ಬರುವಾಗ

ಹೋಗುವಾಗ ಜಾಗ್ರತೆಯಾಗಿದ್ದವರೂ ಬರುವಾಗ ಸಡಿಲಾಗುತ್ತಾರೆ. ಹಬ್ಬದ ಜಾಗರಣೆ, ನೆಂಟರ ಮಾತು, ಭರ್ಜರಿ ಊಟ ಇವೆಲ್ಲದರ ದಣಿವು ಆಗಲೇ ಬಂದಿರುತ್ತದೆ, ಮರುದಿನ ಕಚೇರಿಯೂ ಇರುತ್ತದೆ. ರಜೆಯ ಕೊನೆಯ ದಿನ ಸಂಜೆ ನೆಲಮಂಗಲದ ಟೋಲಿನ ಮುಂದಿನ ಸಾಲಿನಲ್ಲಿ ನಿಲ್ಲುವುದಕ್ಕಿಂತ ಒಂದು ದಿನ ಮುಂಚೆ ಅಥವಾ ಬೆಳಿಗ್ಗೆಯೇ ಹೊರಡುವುದು ಮೇಲು. ಅಮ್ಮ ಕಟ್ಟಿಕೊಟ್ಟ ತೆಂಗಿನಕಾಯಿಯ ಚೀಲ, ಅಕ್ಕಿಯ ಮೂಟೆಗಳಿಂದ ಕಾರು ಹೋಗುವಾಗಿನದಕ್ಕಿಂತ ಐವತ್ತು ಅರವತ್ತು ಕಿಲೋ ಭಾರವಾಗಿರುತ್ತದೆ. ಅವು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿಗೆ ಒತ್ತಿಕೊಂಡು ಕೂರಲಿ, ಸೀಟಿನ ಹಿಂದಿನ ಹಲಗೆಯ ಮೇಲೆ ಒಂದು ಕಾಯಿಯೂ ಬಿಡಿಯಾಗಿ ಉರುಳಾಡದಿರಲಿ. ಊರಿನ ಪಂಕ್ಚರ್ ಅಂಗಡಿಯಲ್ಲಿ ಟೈರಿನ ಗಾಳಿಯನ್ನು ಇನ್ನೊಮ್ಮೆ ನೋಡಿಸಿ. ಅಂದು ಕಾರು ಓಡಿಸಬೇಕಾದವರನ್ನು ಹಿಂದಿನ ರಾತ್ರಿ ಇಸ್ಪೀಟಿಗೂ ಮಾತಿಗೂ ಕೂರಿಸದೆ ಹತ್ತು ಗಂಟೆಯೊಳಗೆ ಮಲಗಲು ಬಿಡುವುದು ಮನೆಯವರೆಲ್ಲರ ಕೆಲಸ.